ಸಲಾಮಿಯ ಸಾಲಿನಿಂದ ಹೊರಗೆ

ಹುಕ್ಕೇರಿ
೬ ನವೆಂಬರ್ ೧೯೩೨

ನೇಮುವಿನ ತಂದೆಯವರ ಪಾದಗಳಿಗೆ ಇಂದುಬಾಯಿಯ ನಮಸ್ಕಾರ.

ದೀಪಾವಳಿಯ ಬೆಳಿಗ್ಗೆ ಬಸದಿಯಲ್ಲಿ ನಿರ್ವಾಣದ ಲಾಡು ಏರಿಸಿ ಮನೆಗೆ ಬಂದರೆ ಅಂಚೆಯವನು ನಮ್ಮ ಕಟ್ಟೆಯ ಮೇಲೆ ಕೂತಿದ್ದ. ನಿಮ್ಮ ಕಾಗದ ಕೊಟ್ಟು ಎರಡು ಲಾಡು ತಿಂದು ಹೋದ. ಹೊಟ್ಟೆನೋವು ಕಡಿಮೆಯಾಗಿದೆ ಎಂದು ಬರೆದಿದ್ದೀರಿ. ನಿಜವಾಗಿ ಕಡಿಮೆಯಾಗಿದೆಯೋ, ನನಗಾಗಿ ಬರೆದದ್ದೋ? ಜೈಲಿನ ರೊಟ್ಟಿಯಲ್ಲಿ ಉಸುಕು ಇರುತ್ತದೆಂದು ಹೋಗಿಬಂದವರು ಹೇಳುತ್ತಾರೆ. ನೆನೆಸಿ ತಿನ್ನಿರಿ.

ಅಂಗಡಿಯ ಬಾಗಿಲು ಹಾಕಿದಂತೆಯೇ ಇದೆ. ನೀವು ವಿಲಾಯತಿ ಬಟ್ಟೆ ಸುಟ್ಟ ಜಾಗದಲ್ಲಿ ಈಗ ಹುಡುಗರು ಚಿಣ್ಣಿದಾಂಡು ಆಡುತ್ತಾರೆ. ನಾನು ಹೊಲಿಗೆಯಲ್ಲಿ ದಿನ ಕಳೆಯುತ್ತಿದ್ದೇನೆ. ಕುಪ್ಪಸ ಹೊಲಿಸಲು ಕಣಗಲಾದಿಂದಲೂ ಹೆಂಗಸರು ಬರುತ್ತಾರೆ. ನನ್ನ ಕೈ ಚೆನ್ನಾಗಿದೆಯೆಂದು ಅಲ್ಲ, ಗಂಡ ಜೈಲಿನಲ್ಲಿರುವವಳನ್ನು ನೋಡಬೇಕೆಂದು.

ನೇಮು ಗೋಕಾವಿಯಲ್ಲಿ ನಿಮ್ಮ ಅಕ್ಕ ಪದ್ಮವ್ವನವರ ಮನೆಯಲ್ಲಿ ಆರಾಮ ಇದ್ದಾನೆ. ದೀಪಾವಳಿಗೆ ಬಂದಿದ್ದ. ಹದಿಮೂರು ತುಂಬುವ ಮೊದಲೇ ನನ್ನ ಕಿವಿಯವರೆಗೆ ಬೆಳೆದಿದ್ದಾನೆ. ಗಣಿತದಲ್ಲಿ ಮೊದಲನೆಯವನು, ಮರಾಠಿಯಲ್ಲಿ ಕೊನೆಯವನು.

ಇನ್ನೊಂದು ಮಾತು. ಅವನು ಸಾಲೆಯ ಸ್ಕೌಟಿಗೆ ಸೇರಿದ್ದಾನೆ. ನಿಮಗೆ ಇದು ಸೇರುವುದಿಲ್ಲವೆಂದು ಗೊತ್ತಿದ್ದೇ ಕೊನೆಗೆ ಬರೆಯುತ್ತಿದ್ದೇನೆ. ವೀರಪ್ಪ ಮಾಸ್ತರರು ಹುಡುಗರಿಗೆ ಹಗ್ಗದ ಗಂಟು, ಗಾಯಕ್ಕೆ ಪಟ್ಟಿ ಕಟ್ಟುವುದು, ದಾರಿ ಗುರುತಿಸುವುದು ಎಲ್ಲ ಕಲಿಸುತ್ತಾರಂತೆ. ಬರುವ ತಿಂಗಳು ಒಂದು ಆದಿತ್ಯವಾರ ಯೋಗಿಕೊಳ್ಳದ ಮಗ್ಗುಲಿನ ಗುಡ್ಡ ಹತ್ತಿ, ನೆತ್ತಿಯ ಮೇಲೆ ಅಡಿಗೆ ಮಾಡಿಕೊಂಡು ಉಂಡು, ಸಂಜೆಗೆ ಇಳಿದು ಬರುತ್ತಾರಂತೆ. "ಅವ್ವಾ, ಅಲ್ಲಿ ನಿಂತ್ರ ಘಟಪ್ರಭಾ ಪೂರಾ ಕಾಣತೈತಿ, ಹಾವು ಹರದಂಗ" ಎಂದು ಮೂರು ದಿನವೂ ಅದೇ ಮಾತು. ಅವನ ಜೊತೆಗಾರ, ತುಕ್ಕಾನಟ್ಟಿಯ ಸಾತಪ್ಪನೂ ಹೋಗುತ್ತಾನೆ. ಕೊರಳಿಗೆ ಕಟ್ಟುವ ರುಮಾಲು ನಾನೇ ಹೊಲಿದು ಕೊಟ್ಟೆ. ಸಿಟ್ಟು ಮಾಡಬೇಡಿರಿ. ಮನೆಯಲ್ಲಿ ಒಬ್ಬರಾದರೂ ನಗುವುದನ್ನು ನೋಡಿ ಬಹಳ ದಿನವಾಗಿತ್ತು.

ನಿಮ್ಮ
ಇಂದು

—

ವೀಸಾಪುರ ಜೈಲು
೨೦ ನವೆಂಬರ್ ೧೯೩೨

ಸೌ. ಇಂದುಬಾಯಿಗೆ ಧರಣೇಂದ್ರನ ಆಶೀರ್ವಾದ.

ಕಾಗದ ಮುಟ್ಟಿತು. ಹೊಟ್ಟೆ ಈಗ ನಿಜವಾಗಿಯೂ ಆರಾಮ. ನನ್ನ ಮಗ್ಗುಲಿಗೆ ಮಲಗುವವರು ಮೂಡಲಗಿಯ ಸೋಮಪ್ಪನವರು. ವಚನ ಹೇಳುತ್ತ ನೂಲುತ್ತಾರೆ. ನನಗೆ ಜಪ ತಪ್ಪುತ್ತದೆ, ಅವರಿಗೆ ಎಳೆ ತಪ್ಪುವುದಿಲ್ಲ. ಹೀಗೆ ದಿನ ಹೋಗುತ್ತದೆ.

ಕೊನೆಗೆ ಬರೆದದ್ದನ್ನೇ ನಾನು ಮೊದಲು ಓದಿದೆ. ಇಂದೂ, ನೀನು ರುಮಾಲು ಹೊಲಿದೆಯಲ್ಲ, ಆ ರುಮಾಲು ಕೊರಳಿಗೆ ಕಟ್ಟುವಾಗ ಹುಡುಗರಿಂದ ಏನು ಹೇಳಿಸುತ್ತಾರೆ ಎಂದು ಕೇಳಿದೆಯೇನು? ದೇವರಿಗೂ ಬಾದಶಹರಿಗೂ ನಿಷ್ಠನಾಗಿರುತ್ತೇನೆ ಎಂದು ಆಣೆ ಮಾಡಿಸುತ್ತಾರೆ. ತಂದೆ ಇಲ್ಲಿ ಕಲ್ಲು ಒಡೆಯಬೇಕು, ಮಗ ಅಲ್ಲಿ ಅದೇ ಸರಕಾರದ ಬಾವುಟಕ್ಕೆ ಸಲಾಮಿ ಕೊಡಬೇಕು!

ಹೋದ ವಾರ ನಮ್ಮ ಬರಾಕಿನ ಒಬ್ಬರು ಮುಚ್ಚಳಿಕೆ ಬರೆದುಕೊಟ್ಟು ಮನೆಗೆ ಹೋದರು. 'ಇನ್ನು ಸರಕಾರದ ವಿರುದ್ಧ ಹೋಗುವುದಿಲ್ಲ' ಎಂದು ಸಹಿ ಮಾಡಿದರೆ ಬಿಟ್ಟುಬಿಡುತ್ತಾರೆ. ಅವರು ಗಂಟು ಕಟ್ಟಿಕೊಂಡು ಹೊರಡುವಾಗ ನಾವೆಲ್ಲ ಗೋಡೆಯ ಕಡೆ ಮುಖ ಮಾಡಿ ಕೂತೆವು. ಹೆಂಡತಿಗೆ ಹೆರಿಗೆ ಕಷ್ಟವಿತ್ತಂತೆ. ಯಾರ ಮನೆಯಲ್ಲಿ ಕಷ್ಟವಿಲ್ಲ?

ತಿಂಗಳಿಗೆ ಒಂದೇ ಕಾಗದ. ಅದಕ್ಕೇ ನೇಮುವಿಗೆ ಕೆಳಗೆ ನಾಲ್ಕು ಸಾಲು ಬರೆದಿದ್ದೇನೆ. ಕತ್ತರಿಸಿ ಗೋಕಾವಿಗೆ ಕಳಿಸು. ಗುಡ್ಡಕ್ಕೆ ಹೋಗುವ ಮೊದಲು ಅವನ ಕೈಗೆ ಸಿಗಬೇಕು.

ಧರಣೇಂದ್ರ

*ಚಿ. ನೇಮಿನಾಥನಿಗೆ ಆಶೀರ್ವಾದ. ಗುಡ್ಡ ಹತ್ತು, ಬೇಡ ಅನ್ನುವುದಿಲ್ಲ. ಆದರೆ ಸರಕಾರದ ಬಾವುಟದ ಮುಂದೆ ಸಲಾಮಿಗೆ ನಿಲ್ಲಬೇಡ. ನಿಲ್ಲದೆ ಇದ್ದರೆ ನಿನ್ನ ಕೈಯಿಂದ ನನಗೆ ಒಂದು ಕಾಗದ ಬರಲಿ. ನಿಂತರೆ ಬರೆಯಬೇಡ. ಕಾಗದ ಬಾರದಿದ್ದರೆ ನನಗೆ ತಿಳಿಯುತ್ತದೆ. — ಅಪ್ಪ*

—

ಹುಕ್ಕೇರಿ
೨೪ ಡಿಸೆಂಬರ್ ೧೯೩೨

ನೇಮುವಿನ ತಂದೆಯವರಿಗೆ ನಮಸ್ಕಾರ.

ತಡವಾಯಿತು. ಇತ್ತ ಕಡೆ ಎಲ್ಲ ಇದ್ದಂತೆ ಇದೆ. ಈ ಸಲ ಜೋಳ ಚೆನ್ನಾಗಿ ಬಂದಿದೆ. ಎಳೆ ತೆನೆ ಸುಟ್ಟು ಸೀತನಿ ತಿನ್ನಲು ಹೊಲಕ್ಕೆ ಕರೆದಿದ್ದರು, ಹೋಗಲಿಲ್ಲ. ಚಳಿ ಬಹಳ. ಪದ್ಮವ್ವನವರು ಬಂದು ಎಂಟು ದಿನ ನನ್ನ ಹತ್ತಿರ ಇದ್ದು ಹೋದರು.

ನೇಮು ಈಗ ಇಲ್ಲಿಯೇ ಇದ್ದಾನೆ. ನಿಮ್ಮ ಚೀಟಿ ಅವನಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿತ್ತು. ಅವನು ಸಲಾಮಿಗೆ ನಿಲ್ಲಲಿಲ್ಲ. ಸಮಾಧಾನ ಮಾಡಿಕೊಳ್ಳಿರಿ. ಜ್ವರ ಬಂದಿತ್ತು, ಇಳಿದಿದೆ. ಕೈ ನೋಯುತ್ತದೆ ಅನ್ನುತ್ತಾನೆ. ಅದಕ್ಕೆ ತಾನು ಬರೆದಿಲ್ಲ. ಮುಂದಿನ ಸಲ ಬರೆದಾನು.

ನಿಮ್ಮ ಹೊಟ್ಟೆ ಜೋಪಾನ.

ಇಂದು

—

ವೀಸಾಪುರ ಜೈಲು
೧೫ ಜನವರಿ ೧೯೩೩

ಸೌ. ಇಂದುಬಾಯಿಗೆ ಆಶೀರ್ವಾದ.

ನಿನ್ನ ಕಾಗದ ಮೂರು ಸಲ ಓದಿದೆ. ಎಂಟು ಸಾಲಿನ ಕಾಗದ ನೀನು ಎಂದೂ ಬರೆದವಳಲ್ಲ. ಅಂಚೆಯವನು ತಿಂದ ಲಾಡಿನ ಲೆಕ್ಕ ಬರೆಯುವವಳು ಮಗನ ಕೈಗೆ ಏನಾಗಿದೆ ಎಂದು ಬರೆಯಲಿಲ್ಲ. ಯಾವ ಕೈ? ಬಲಗೈಯೋ? 'ನಿಲ್ಲಲಿಲ್ಲ ಅಪ್ಪಾ' ಎಂದು ಎರಡು ಮಾತು ಬರೆಯಲಾರದಷ್ಟು ನೋವೇ?

ಸೋಮಪ್ಪನವರಿಗೆ ಮೂಡಲಗಿಯಿಂದ ಕಾಗದ ಬಂದಿತ್ತು. ಅದರಲ್ಲಿ ಈ ಗುಡ್ಡದ ಸುದ್ದಿ ಇತ್ತು. ನೆತ್ತಿಯ ಮೇಲೆ ಬಾವುಟ ನೆಟ್ಟು ಹುಡುಗರೆಲ್ಲ ಸಾಲಾಗಿ ನಿಂತು ಸಲಾಮಿ ಕೊಟ್ಟರಂತೆ. ಎಲ್ಲರೂ ಎಂದೇ ಬರೆದಿತ್ತು. ಸಲಾಮಿ ಮುಗಿಯುವುದರೊಳಗೆ ಹೆಜ್ಜೇನು ಎದ್ದು ಸ್ಕೌಟರೆಲ್ಲ ದಿಕ್ಕಾಪಾಲಾಗಿ ಓಡಿದರಂತೆ. "ನೋಡ್ರಿ, ನಮ್ಮ ಜೇನಹುಳಕ್ಕ ಸೈತ ಆ ಬಾವುಟ ಸೇರಲಿಲ್ಲ" ಎಂದು ಸೋಮಪ್ಪನವರು ಹೇಳಿದಾಗ ಬರಾಕಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಕ್ಕ ಮೇಲೆ ನೇಮುವಿನ ನೆನಪಾಗಿ ಬಾಯಿ ಕಹಿಯಾಯಿತು.

ತಾಯಿಯಾದವಳು ಮಗನ ತಪ್ಪು ಮುಚ್ಚುವುದು ಸಹಜ. ನಾನು ಹೊಡೆಯುವವನಲ್ಲ, ಬೈಯುವವನೂ ಅಲ್ಲ. ನಿಂತಿದ್ದರೆ ನಿಂತೆ ಎನ್ನಲಿ. ಅವನ ಕೈಯ ಅಕ್ಷರ ನೋಡುವವರೆಗೆ ನನಗೆ ಸಮಾಧಾನವಿಲ್ಲ.

ಧರಣೇಂದ್ರ

—

ಹುಕ್ಕೇರಿ
೨೯ ಜನವರಿ ೧೯೩೩

ನೇಮುವಿನ ತಂದೆಯವರಿಗೆ ನಮಸ್ಕಾರ.

ನೀವು ಕೇಳಿದಂತೆ ನೇಮು ಬರೆದಿದ್ದಾನೆ, ಕೆಳಗೆ ನೋಡಿರಿ. ಇನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿರಿ. ಸದ್ಯ ಅವನು ಸಾಲೆಗೆ ಹೋಗುತ್ತಿಲ್ಲ. ನನ್ನ ಜೊತೆಗೇ ಇರಲೆಂದು ಇಟ್ಟುಕೊಂಡಿದ್ದೇನೆ. ಹೊಲಿಗೆಯ ಯಂತ್ರದ ಸದ್ದು ಕೇಳುತ್ತ ಕೂತಿರುತ್ತಾನೆ.

ಇಂದು

*ಅಪ್ಪಾ, ನಾನು ಸಲಾಮಿಗೆ ನಿಲ್ಲಲಿಲ್ಲ. ನಾನು ಆರಾಮ ಇದ್ದೇನೆ. ನೀವೂ ಆರಾಮ ಇರಿ. — ನೇಮಿನಾಥ*

—

ವೀಸಾಪುರ ಜೈಲು
೧೨ ಫೆಬ್ರುವರಿ ೧೯೩೩

ಇಂದುಬಾಯಿಗೆ,

ನೇಮುವಿಗೆ ಓಂಕಾರ ತಿದ್ದಿಸಿದವನು ನಾನು. ಅವನ 'ಪ' ಒತ್ತು ಯಾವಾಗಲೂ ಎಡಕ್ಕೆ ಬೀಳುತ್ತದೆ. ಎಷ್ಟು ತಿದ್ದಿದರೂ ಹೋಗಲಿಲ್ಲ. ನೀನು ಕಳಿಸಿದ ಸಾಲಿನ 'ಅಪ್ಪಾ' ನೆಟ್ಟಗೆ ನಿಂತಿದೆ. ಅದು ನಿನ್ನ ಕೈ. ನಿನ್ನ ಅಕ್ಷರ ನನಗೆ ತಿಳಿಯದೆಂದು ಹೇಗೆ ಅಂದುಕೊಂಡೆ?

ಈಗ ಸಂಶಯ ಉಳಿಯಲಿಲ್ಲ. ಅವನು ನಿಂತ. ನಿಂತದ್ದಕ್ಕೆ ನಾಚಿಕೆಯಾಗಿ ಬರೆಯಲಿಲ್ಲ. ಅಷ್ಟು ಮಟ್ಟಿಗೆ ಅವನೇ ಮೇಲು. ನೀನು ಸುಳ್ಳನ್ನು ಅವನ ಹೆಸರಿನಲ್ಲಿ ಬರೆದು ಕಳಿಸಿದೆ. ಸಾಲೆ ಬಿಡಿಸಿ ಮಗ್ಗುಲಲ್ಲಿ ಕೂಡಿಸಿಕೊಂಡಿದ್ದೀಯಂತೆ. ಗಂಡುಹುಡುಗನನ್ನು ಸೆರಗಿನಲ್ಲಿ ಕಟ್ಟಿಕೊಂಡು ಏನು ಮಾಡುತ್ತೀ?

ನನ್ನ ಶಿಕ್ಷೆ ಮುಗಿಯಲು ಇನ್ನೂ ಆರು ತಿಂಗಳು ಇದೆ. ಅಲ್ಲಿಯವರೆಗೆ ನನಗೆ ಬರೆಯುವ ತೊಂದರೆ ತೆಗೆದುಕೊಳ್ಳಬೇಡ. ಹೇಳಿದ ಒಂದು ಮಾತು ಮಗ ಕೇಳಲಿಲ್ಲ, ಕೇಳದ್ದನ್ನು ಹೆಂಡತಿ ಹೇಳಲಿಲ್ಲ. ಮತ್ತೇನು ಓದಲಿ?

ಧರಣೇಂದ್ರ

—

ಹುಕ್ಕೇರಿ
೨೪ ಫೆಬ್ರುವರಿ ೧೯೩೩

ನೇಮುವಿನ ತಂದೆಯವರಿಗೆ,

ಬರೆಯಬೇಡ ಅಂದಿರಿ. ಇದೊಂದು ಓದಿರಿ, ಆಮೇಲೆ ನಿಮ್ಮ ಮಾತಿನಂತೆ ಆಗಲಿ.

ಹೌದು, ಆ ಸಾಲು ನಾನು ಬರೆದೆ. ನೇಮು ಬರೆಯಲಾರ. ಅವನಿಗೆ ಕಣ್ಣು ಕಾಣುವುದಿಲ್ಲ.

ಈ ಮಾತು ಬರೆದು ಎದ್ದು ಹೋಗಿ ಒಲೆಯ ಮುಂದೆ ಕೂತೆ. ಈಗ ಬಂದು ಮುಂದಿನದನ್ನು ಬರೆಯುತ್ತೇನೆ. ಸಾತಪ್ಪನೂ ವೀರಪ್ಪ ಮಾಸ್ತರರೂ ಹೇಳಿದ್ದನ್ನು ಕೂಡಿಸಿ ಬರೆಯುತ್ತಿದ್ದೇನೆ. ನೇಮು ತಾನಾಗಿ ಬಹಳ ಹೇಳಿಲ್ಲ.

ನಿಮ್ಮ ಚೀಟಿ ಶನಿವಾರ ಅವನ ಕೈಗೆ ಸಿಕ್ಕಿತು. ಓದಿ ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡನಂತೆ. ಪದ್ಮವ್ವನವರು ಕಟಿರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟರು. ಆದಿತ್ಯವಾರ ಬೆಳಕು ಹರಿಯುವಾಗ ಹುಡುಗರೆಲ್ಲ ಹಾಡುತ್ತ ಯೋಗಿಕೊಳ್ಳದ ದಾರಿ ಹಿಡಿದರು. ದಾರಿಯುದ್ದಕ್ಕೂ ಎಲ್ಲರಿಗಿಂತ ಮುಂದೆ ಇವನೇ. ಹಳ್ಳ ದಾಟುವಾಗ ಹಗ್ಗ ಕಟ್ಟಿದವನು ಇವನೇ. ನೆತ್ತಿ ಮುಟ್ಟಿದಾಗ ಬಿಸಿಲು ಏರಿತ್ತು. ಘಟಪ್ರಭಾ ಕಂಡಿತಂತೆ. "ನೋಡಲೇ ಸಾತ್ಯಾ, ನಾ ಹೇಳಿದ್ದಿಲ್ಲ?" ಎಂದು ಕೈ ಮಾಡಿ ತೋರಿಸಿದನಂತೆ.

ಆಮೇಲೆ ಬಿದಿರಿಗೆ ಬಾವುಟ ಕಟ್ಟಿ ನೆಟ್ಟರು. ಮಾಸ್ತರರು ಸಾಲು ನಿಲ್ಲಿಸಿದರು. ನೇಮು ಎರಡು ಹೆಜ್ಜೆ ಹಿಂದೆ ಸರಿದು ಹೊರಗೆ ನಿಂತ.

"ಯಾಕೋ ನೇಮು? ಸಾಲಿನ್ಯಾಗ ಬಾ."

"ನಾ ಬರೂದಿಲ್ಲರಿ. ನಮ್ಮ ಅಪ್ಪಾರು ಬ್ಯಾಡ ಅಂದಾರ್ರಿ."

ಹುಡುಗರು ನಕ್ಕರಂತೆ. ಮಾಸ್ತರರು ನಗಲಿಲ್ಲ, ಬೈಯಲಿಲ್ಲ. ಅವರದೂ ಸರಕಾರದ ಪಗಾರ. "ಹಂಗಾರ ನೀ ಕೆಳಗಿನ ಬಂಡೆಗಲ್ಲ ಹತ್ರ ಹೋಗಿ ಒಲಿ ಹಚ್ಚು. ನಾವು ಇದನ್ನ ಮುಗಿಸಿ ಬರ್ತೇವಿ" ಅಂದರು. ಅವನ ಮಾನ ಉಳಿಯಲಿ, ತಮ್ಮ ನೌಕರಿಯೂ ಉಳಿಯಲಿ ಎಂದು. ಈ ಮಾತನ್ನು ಅವರೇ ನನ್ನ ಮುಂದೆ ಕೂತು ಹೇಳಿದರು.

ನೇಮು ಒಬ್ಬನೇ ಇಳಿದು ಹೋದ. ಮೂರು ಕಲ್ಲು ಇಟ್ಟು ಒಲೆ ಹೂಡಿದ. ಕಟ್ಟಿಗೆ ಹಸಿ ಇತ್ತು. ಹೊಗೆ ಎದ್ದು ಬಂಡೆಯ ಮೈಗುಂಟ ಮೇಲಕ್ಕೆ ಹೋಯಿತು. ಅಲ್ಲಿ ಬಂಡೆಯ ಹೊಟ್ಟೆಯಲ್ಲಿ ಹೆಜ್ಜೇನು ಕಟ್ಟಿದ್ದು ಯಾರಿಗೂ ಕಂಡಿರಲಿಲ್ಲ. ಮೇಲಿನವರು ಆಚೆ ಬದಿಗೆ ಓಡಿ ಇಳಿದು ಪಾರಾದರು. ಅವರಿಗೆ ಒಂದೆರಡು ಕಚ್ಚಿದವು. ಇವನು ನಡುವೆ ಸಿಕ್ಕಿಬಿಟ್ಟ. ಓಡಿದ, ಕಂಟಿಪೊದೆಯೊಳಗೆ ಬಿದ್ದ. ಮಾಸ್ತರರು ಕಂಬಳಿ ಹೊದ್ದುಕೊಂಡು ಹುಡುಕುತ್ತ ಬಂದು, ಅದೇ ಕಂಬಳಿಯಲ್ಲಿ ಇವನನ್ನು ಸುತ್ತಿ, ಬೆನ್ನ ಮೇಲೆ ಹೊತ್ತು ಗುಡ್ಡ ಇಳಿಸಿದರು. ಅವರ ತಲೆ, ಮೋರೆ ಕುಂಬಳಕಾಯಿ ಆಗಿತ್ತೆಂದು ಸಾತಪ್ಪ ಹೇಳಿದ.

ಮರುದಿನ ನಾನು ಗೋಕಾವಿಗೆ ಹೋದಾಗ ನನ್ನ ಮಗ ಯಾವನೆಂದು ನನಗೆ ಗುರುತು ಹತ್ತಲಿಲ್ಲ. ಧ್ವನಿಯಿಂದ ಗುರುತಿಸಿದೆ. "ಅವ್ವಾ, ಅಪ್ಪಗ ಬರಿ, ನಾ ನಿಲ್ಲಲಿಲ್ಲ ಅಂತ" ಎಂಬುದೇ ಅವನ ಮೊದಲ ಮಾತು.

ಬಾವು ಇಳಿದ ಮೇಲೆ ಬೆಳಗಾವಿಯ ಡಾಕ್ಟರರಿಗೆ ತೋರಿಸಿದೆವು. ಕಣ್ಣಿನ ಕರಿಗುಡ್ಡೆಗೇ ಜೇನಹುಳದ ಮುಳ್ಳು ಚುಚ್ಚಿವೆ, ಎಡಗಣ್ಣು ಹೋಗಿದೆ ಅಂದರು. ಬಲಗಣ್ಣಿಗೆ ಬೆಳಕು, ನೆರಳು ಅಷ್ಟೇ ತಿಳಿಯುತ್ತದೆ. ಮಿರಜದಲ್ಲಿ ಕಣ್ಣಿನ ದೊಡ್ಡ ಡಾಕ್ಟರರು ಇದ್ದಾರೆ, ಒಮ್ಮೆ ತೋರಿಸಿರಿ ಎನ್ನುತ್ತಾರೆ.

ನೀವು ನಕ್ಕಿರಿ ಎಂದು ಬರೆದಿದ್ದಿರಿ. ಆ ಕಾಗದವನ್ನು ಅವನು "ಓದಿ ಹೇಳವ್ವಾ" ಅಂದ. ನಾನು ಓದಲಿಲ್ಲ. ನನಗೆ ಬೇಕಾದಂತೆ ಹೇಳಿದೆ. ನಿಮ್ಮ ಹೆಸರಿನಲ್ಲಿ ಅವನಿಗೆ, ಅವನ ಹೆಸರಿನಲ್ಲಿ ನಿಮಗೆ, ಎರಡೂ ಕಡೆ ನಾನೇ ಆಗಿದ್ದೆ. ಇನ್ನು ನನ್ನಿಂದ ಆಗುವುದಿಲ್ಲ.

ಯಾಕೆ ಮುಚ್ಚಿಟ್ಟೆ ಎಂದು ಕೇಳುತ್ತೀರಿ. ಕೇಳಿದ ಕೂಡಲೇ ನೀವು ಸಹಿ ಮಾಡಿ ಬಂದುಬಿಡುತ್ತೀರಿ, ಜನ್ಮವೆಲ್ಲ ಅದು ನಿಮ್ಮನ್ನು ಸುಡುತ್ತದೆ ಎಂಬ ಹೆದರಿಕೆ ಇತ್ತು. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಕೇಳಿಯೂ ನೀವು ಬಾರದಿದ್ದರೆ? ಆಗ ನಿಮ್ಮ ಜೊತೆ ನಾನು ಹೇಗೆ ಬಾಳಲಿ? ಎರಡರಲ್ಲಿ ಯಾವುದೂ ಆಗದಿರಲಿ ಎಂದು ಸುಮ್ಮನಿದ್ದೆ.

ಮಗ ನಿಮ್ಮ ಮಾತು ಕೇಳಲಿಲ್ಲ ಅಂದಿರಿ. ಇಷ್ಟು ಕೇಳಿದ ಮಗ ಯಾವ ತಂದೆಗೂ ಹುಟ್ಟಬಾರದು.

ಇಂದುಬಾಯಿ

—

ವೀಸಾಪುರ ಜೈಲು
೧೨ ಮಾರ್ಚ್ ೧೯೩೩

ಇಂದೂ,

ನಾನು ಸಹಿ ಮಾಡಿದೆ.

ನಿನ್ನ ಕಾಗದ ಮಧ್ಯಾಹ್ನ ಕೊಟ್ಟರು. ಎಲ್ಲಿ ಓದಿದೆನೋ, ಎಲ್ಲಿ ಕೂತಿದ್ದೆನೋ ನೆನಪಿಲ್ಲ. ಸೋಮಪ್ಪನವರು ನನ್ನ ಕೈಯಿಂದ ಕಾಗದ ತೆಗೆದುಕೊಂಡು ತಾವೂ ಓದಿದರು. ಮಡಚಿ ನನ್ನ ಕೈಗೆ ಕೊಟ್ಟರು. ಆಮೇಲೆ, "ಧರಣೇಂದ್ರಪ್ಪಾ, ಆ ಮಾತಿಗೆ ಎಲ್ಲಾರ್ನೂ ನಗಸಿದಾಂವ ನಾ" ಅಂದರು. ನಾನು ಅವರ ಕೈ ಹಿಡಿದುಕೊಂಡೆ. ಬೈಯಲು ಯಾರೂ ಸಿಗಲಿಲ್ಲ, ಇಂದೂ. ಮಾಸ್ತರರನ್ನು ಬೈಯೋಣವೆಂದರೆ ಅವರು ಹೊತ್ತು ಇಳಿಸಿದರು. ಹುಡುಕುತ್ತ ಹೋದರೆ ಕೊನೆಗೆ ಸಿಗುವುದು ನಾನು ಬರೆದ ಆ ನಾಲ್ಕು ಸಾಲು.

ಮುಚ್ಚಳಿಕೆಯ ಕಾಗದ ಇಂಗ್ಲಿಷಿನಲ್ಲಿ ಇತ್ತು. ಮರಾಠಿಯಲ್ಲಿ ಓದಿ ಹೇಳಿದರು. ಪೂರ್ತಿ ಕೇಳುವ ಮೊದಲೇ ಲೇಖಣಿ ತೆಗೆದುಕೊಂಡೆ. ತೋರಿಸಿದ ಕಡೆ ಸಹಿ ಹಾಕಿದೆ.

ಮೇಲಿನಿಂದ ಹುಕುಮು ಬರಲು ಕೆಲವು ದಿನ ಹಿಡಿಯುತ್ತದಂತೆ. ಬರಾಕಿನಲ್ಲಿ ನನ್ನ ಜೊತೆ ಈಗ ಮಾತಿಲ್ಲ. ಊಟದ ಸಾಲಿನಲ್ಲಿ ನನ್ನ ಹಿಂದೆಯೂ ಮುಂದೆಯೂ ಜಾಗ ಬಿಟ್ಟು ನಿಲ್ಲುತ್ತಾರೆ. ಸೋಮಪ್ಪನವರೊಬ್ಬರೇ ನನ್ನ ಮಗ್ಗುಲಿನ ಹಾಸಿಗೆ ಬಿಟ್ಟು ಹೋಗಲಿಲ್ಲ. ಹೆಂಡತಿಗೆ ಹೆರಿಗೆ ಕಷ್ಟವಿದ್ದ ಆ ಮನುಷ್ಯನ ಮುಖ ನೆನಪು ಮಾಡಿಕೊಳ್ಳಲು ನೋಡುತ್ತೇನೆ, ಬರುವುದಿಲ್ಲ. ನಾನು ಆಗ ಗೋಡೆ ನೋಡುತ್ತಿದ್ದೆ.

ನೇಮುವಿಗೆ ಏನೂ ಹೇಳಬೇಡ. ನಾನೇ ಬಂದು ಹೇಳುತ್ತೇನೆ.

ಧರಣೇಂದ್ರ

—

ಹುಕ್ಕೇರಿ
೧೩ ಮಾರ್ಚ್ ೧೯೩೩

ನೇಮುವಿನ ತಂದೆಯವರ ಪಾದಗಳಿಗೆ ನಮಸ್ಕಾರ.

ಸಿಟ್ಟಿನಲ್ಲಿ ಬರೆದ ಕಾಗದ ನಿಮಗೆ ಮುಟ್ಟಿರಬೇಕು. ಬರೆದದ್ದೆಲ್ಲ ಖರೆ, ಬರೆದ ರೀತಿ ತಪ್ಪು. ಆ ಕೊನೆಯ ಮಾತು ಹೊಟ್ಟೆಗೆ ಹಾಕಿಕೊಳ್ಳಿರಿ.

ಮೊನ್ನೆ ನೇಮು ಕೇಳಿದ, "ಅವ್ವಾ, ಅಪ್ಪಗ ಎಲ್ಲಾ ಬರದಿಯೇನು?" ಬರೆದೆ ಅಂದೆ. "ಕಣ್ಣಿಂದೂ?" ಹೌದು ಅಂದೆ. ನನ್ನ ಮೇಲೆ ಅವನು ಅಷ್ಟು ಸಿಟ್ಟು ಮಾಡಿದ್ದನ್ನು ನಾನು ನೋಡಿರಲಿಲ್ಲ. "ಈಗ ಅವರು ಸಹಿ ಮಾಡ್ತಾರ! ನೀ ಯಾಕ ಬರದಿ? ಲಗೂನ ಇನ್ನೊಂದ ಬರಿ, ನಾ ಹೇಳ್ತೇನಿ" ಎಂದು ನನ್ನನ್ನು ಹೊಲಿಗೆಯಿಂದ ಎಬ್ಬಿಸಿ ಕೂಡಿಸಿದ. ಅವನು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ. ಈ ಸಲ ನನ್ನದೇನೂ ಸೇರಿಸಿಲ್ಲ.

"ಅಪ್ಪಾ, ನನ್ನ ಸಲುವಾಗಿ ನೀವು ಸಹಿ ಮಾಡಬ್ಯಾಡ್ರಿ. ವೀರಪ್ಪ ಮಾಸ್ತರರು ನನ್ನ ಮಿರಜಕ್ಕ ಕರಕೊಂಡ ಹೋಗ್ತೇನಿ ಅಂದಾರ. ನಾ ಮನ್ಯಾಗ ಗ್ವಾಡಿ ಹಿಡಿದು ಹಿತ್ತಲದ ತನಕ ಒಬ್ಬನ ಹೋಗ್ತೇನಿ. ಗುಡ್ಡದ ಮ್ಯಾಲ ಎಲ್ಲಾರೂ ನಕ್ಕಿದ್ರು. ಈಗ ನೀವು ಬಂದ್ರ ಮತ್ತ ನಗ್ತಾರ. ನಿಮ್ಮ ಶಿಕ್ಷಾ ಮುಗಿಸೇ ಬರ್ರಿ. ನಾ ಕಾಯ್ತೇನಿ."

ಇದನ್ನು ಬರೆಸಿದ ಮೇಲೆ ಎಷ್ಟೋ ದಿನಗಳ ನಂತರ ಹೊಟ್ಟೆ ತುಂಬ ಉಂಡ. ಸಂಜೆ ಕಟ್ಟೆಯ ಮೇಲೆ ಹೋಗಿ ಕೂತು ಓಣಿಯ ಹುಡುಗರಿಗೆ, "ನಮ್ಮಪ್ಪ ಸಹಿ ಮಾಡೂದಿಲ್ಲ, ನೋಡ್ರಿ ಬೇಕಾದ್ರ" ಎಂದು ಹೇಳುತ್ತಿದ್ದ. ಅವನ ಧ್ವನಿಯಲ್ಲಿ ಹಳೆಯ ಹುರುಪು ಕೇಳಿಸಿತು. ಒಳಗೆ ನಿಂತು ಕೇಳಿ ಅತ್ತೆ.

ವೀರಪ್ಪ ಮಾಸ್ತರರು ಪ್ರತಿ ಆದಿತ್ಯವಾರ ಗೋಕಾವಿಯಿಂದ ಬರುತ್ತಾರೆ. ಮೊದಲ ಸಲ ಬಂದಾಗ ಅವರಿಗೆ ಒಂದು ತಂಬಿಗೆ ನೀರನ್ನೂ ಕೊಟ್ಟಿರಲಿಲ್ಲ. ನಿನ್ನೆ ಚಹಾ ಕೊಟ್ಟೆ.

ಆದ್ದರಿಂದ ನೀವು ಧೈರ್ಯದಿಂದ ಇರಿ. ಹುಡುಗ ಹೇಳಿದಂತೆ ಆಗಲಿ.

ನಿಮ್ಮ
ಇಂದು

—

ಮಿರಜ
೨೦ ಏಪ್ರಿಲ್ ೧೯೩೩

ಸೌ. ಇಂದೂಗೆ,

ನಾನೂ ನೇಮುವೂ ಬಸದಿಯ ಮಗ್ಗುಲಿನ ಧರ್ಮಶಾಲೆಯಲ್ಲಿ ಇಳಿದಿದ್ದೇವೆ. ನಿನ್ನ ರೊಟ್ಟಿ ಮುಗಿದವು. ಅಡಿಗೆ ನಾನೇ ಮಾಡುತ್ತೇನೆ, ಅವನು ತಿನ್ನುತ್ತಾನೆ. ಚೆನ್ನಾಗಿದೆ ಎನ್ನುವುದಿಲ್ಲ, ಬೇಡ ಎನ್ನುವುದೂ ಇಲ್ಲ.

ಡಾಕ್ಟರರು ಮೂರು ದಿನ ನೋಡಿದರು. ಕಡೆಗೆ ನನ್ನನ್ನು ಹೊರಗೆ ಕರೆದು ಹೇಳಬೇಕೆಂದು ಎದ್ದರು. ನೇಮು, "ಇಲ್ಲೇ ಹೇಳ್ರಿ" ಅಂದ. ಎಡಗಣ್ಣಿಗೆ ಉಪಾಯವಿಲ್ಲ. ಬಲಗಣ್ಣಿನ ಬೆಳಕು ಹೋಗದಂತೆ ಮುಲಾಮು ಕೊಟ್ಟಿದ್ದಾರೆ. ಅದಕ್ಕಿಂತ ಹೆಚ್ಚು ಬರುವುದಿಲ್ಲ. ಅವನು ಕೇಳಿ ತಲೆ ಆಡಿಸಿದ, ಗಣಿತದ ಉತ್ತರ ಒಪ್ಪಿಕೊಂಡವನ ಹಾಗೆ. ಇನ್ನೂ ಒಂದು ವಾರ ಇಲ್ಲಿಯೇ ಇದ್ದು ಮುಲಾಮು ಹಚ್ಚಿಸಿಕೊಂಡು ಹೋಗಿರಿ ಅಂದರು.

ಅವನು ಬರೆಸಿದ ಕಾಗದ ನನ್ನ ಕೈಗೆ ಸಿಕ್ಕಿದ್ದು ಸಹಿ ಮಾಡಿದ ಮೇಲೆ. ನಾನು ಮನೆಗೆ ಬಂದ ದಿನ ನೀನು ಹಿತ್ತಲಲ್ಲಿದ್ದೆ. ನನ್ನ ಕೆಮ್ಮು ಕೇಳಿಯೇ ಅವನು ಎದ್ದು ನಿಂತ. "ಸಹಿ ಮಾಡಿ ಬಂದ್ರಿ?" ಅಂದ. ಹೌದು ಅಂದೆ. ಗೋಡೆಯ ಕಡೆ ತಿರುಗಿ ಮಲಗಿದ. ಆಮೇಲೆ ನಮ್ಮಿಬ್ಬರ ನಡುವೆ ಮಾತಿಲ್ಲದ್ದನ್ನು ನೀನೇ ನೋಡಿದ್ದೀ. ಗೋಕಾಕ ರೋಡ ಸ್ಟೇಶನ್ನಿನಲ್ಲಿ ಗಾಡಿ ಹತ್ತಿಸುವಾಗ ಕೈ ಕೊಟ್ಟರೆ ಹಿಡಿಯಲಿಲ್ಲ. ಬಾಗಿಲಿನ ಸರಳು ತಡವಿ ತಾನೇ ಹತ್ತಿದ. ಇಲ್ಲಿ ದವಾಖಾನೆಯಲ್ಲಿ ಯಲ್ಲಾರಿ ಎಂಬ ಜವಾನನ ಕೈ ಹಿಡಿದು ಓಡಾಡುತ್ತಾನೆ, ಅವನ ಜೊತೆ ನಗುತ್ತಾನೆ. ನಾನು ಹಿಂದೆ ನಡೆಯುತ್ತೇನೆ.

ಡಾಕ್ಟರರು ಹೇಳಿದ ದಿನ ಸಂಜೆ ಧರ್ಮಶಾಲೆಯ ಮೆಟ್ಟಿಲ ಮೇಲೆ ಕೂತಿದ್ದೆವು. ಅವನೇ ಮಾತು ತೆಗೆದ.

"ಅಪ್ಪಾ, ಎಲ್ಲಾರೂ ನಗಾಕತ್ತಿದ್ರು. ಆದ್ರೂ ನಾ ಹೊರಗ ನಿಂತೆ. ನೀವ್ಯಾಕ ನಿಲ್ಲಲಿಲ್ಲ?"

ಜೈಲಿನಲ್ಲಿ ಎಷ್ಟೋ ರಾಜಕೀಯ ಓದಿದೆ, ವಾದ ಮಾಡಿದೆ. ಅದೆಲ್ಲ ಬಿಟ್ಟು, "ನಿನ್ನ ನೋಡಾಕ ಬಂದೆಪ್ಪಾ" ಅಂದೆ.

"ನೋಡಿದ್ರಲ್ಲ" ಅಂದ.

ಇಂದೂ, ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ದಣಿದ ಮುದುಕರ ಹಾಗೆ ಅಂದ. ನಾನು ಅವನಿಗೆ ಹೇಳಿದೆ, ಆ ಚೀಟಿ ಬರೆಯುವಾಗ ನಾನು ನಿನ್ನನ್ನು ನೆನೆಯಲಿಲ್ಲ, ಬರಾಕಿನವರಿಗೆ ಓದಿ ತೋರಿಸಬೇಕೆಂದು ಬರೆದೆ, ತೋರಿಸಿದೆ, ಅವರೆಲ್ಲ ಶಾಭಾಸ್ ಅಂದರು. ಅವನು ಕೇಳಿಸಿಕೊಂಡ. ಒಳಗೆ ಹೋಗಿ ಮಲಗಿದ.

ಇಂದು ಬೆಳಿಗ್ಗೆ ದವಾಖಾನೆಯಿಂದ ಬರುವಾಗ ಪೇಟೆಯ ದಿನ. ಚಕ್ಕಡಿ, ಎತ್ತು, ಜನ, ಮೆಣಸಿನಕಾಯಿಯ ಘಾಟು, ಕೂಗಾಟ. ಅವನು ಕೋಲು ಊರುತ್ತ ನನ್ನ ಮಗ್ಗುಲಿಗೆ ಬರುತ್ತಿದ್ದ. ಯಾರೋ ಹೇರು ಹೊತ್ತವರು ಅವನನ್ನು ನೂಕಿ ಹೋದರು. ನಾನು ಹಿಡಿಯಬೇಕೆನ್ನುವುದರಲ್ಲಿ ಅವನೇ ಕೈ ಚಾಚಿ ನನ್ನ ಹೆಗಲು ಹುಡುಕಿ ಹಿಡಿದ. ಮಾತಾಡಿದರೆ ತೆಗೆದುಬಿಟ್ಟಾನೆಂದು ಸುಮ್ಮನೆ ನಡೆದೆ.

ಗದ್ದಲಕ್ಕೆ ಹಿಡಿದನೋ, ಮತ್ತೆ ಯಾವುದಕ್ಕೋ, ಗೊತ್ತಿಲ್ಲ. ಕೇಳಲಿಲ್ಲ. ಪೇಟೆ ಮುಗಿಯಿತು, ಜನ ವಿರಳವಾದರು. ಕೈ ಹೆಗಲ ಮೇಲೆಯೇ ಇತ್ತು. ಧರ್ಮಶಾಲೆಗೆ ಎಡಕ್ಕೆ ತಿರುಗಬೇಕು. ನಾನು ತಿರುಗಲಿಲ್ಲ. ಕೆರೆಯನ್ನು ಸುತ್ತಿಕೊಂಡು ಹೋಗುವ ಉದ್ದ ದಾರಿ ಹಿಡಿದೆ.

ಧರಣೇಂದ್ರ